ಕೊಂಡಿಯೂ ಗ್ರಂಥಸ್ವಾಮ್ಯವೂ

ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರಮಧ್ಯದಲ್ಲಿ ಷೆಟ್ಲೆಂಡ್ ಎಂಬ ದ್ವೀಪಸಮೂಹವುಂಟು. ಲರ್ವಿಕ್ ಎಂಬುದು ಅದರ ಮುಖ್ಯ ಪಟ್ಟಣ. ಆ ಪಟ್ಟಣದಲ್ಲಿ ೧೮೭೨ನೆಯ ಇಸವಿಯಿಂದಲೂ 'ಷೆಟ್ಲೆಂಡ್ ಟೈಮ್ಸ್' ಎಂಬ ವಾರಪತ್ರಿಕೆಯು ನಡೆದುಬಂದಿದೆ. ಅದೇ ದ್ವೀಪಗಳಲ್ಲಿ ಡಾಕ್ಟರ್ ಜೊನಾಥನ್ ವಿಲ್ಸ್ ಎಂಬವರು 'ಷೆಟ್ಲೆಂಡ್ ನ್ಯೂಸ್' ಎಂಬ ಮತ್ತೊಂದು ಪತ್ರಿಕೆಯನ್ನು ಕಾಗದದ ಮೇಲೆ ಅಚ್ಚುಹಾಕದೆ ಅಂತರಜಾಲದಲ್ಲಿ ಪ್ರಕಟಿಸುತ್ತಿದ್ದರು. ೧೯೯೬ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಈ ಎರಡು ಸಣ್ಣ ಪತ್ರಿಕೆಗಳ ನಡುವೆ ಹುಟ್ಟಿದ ವ್ಯಾಜ್ಯವು ದೂರದೂರದ ದೇಶಗಳ ನ್ಯಾಯಶಾಸ್ತ್ರಜ್ಞರ ಗಮನವನ್ನು ಸೆಳೆಯಿತು. ಒಬ್ಬನ ಬರಹವು ಇರುವ ಸ್ಥಳವನ್ನು ಮತ್ತೊಬ್ಬನು ಬೆರಳಿಟ್ಟು ತೋರಿಸಿದರೆ ಅದು ಆ ಬರಹವನ್ನು ಅಪಹರಿಸಿದಂತೆ ಆಗುವುದೇ ಎಂಬುದೇ ಆ ವ್ಯಾಜ್ಯದ ಸಾರ.

ನಡೆದ ಸಂಗತಿಯು ಇಷ್ಟೆ. ಟೈಮ್ಸ್ ಪತ್ರಿಕೆಯವರೂ ತಮ್ಮದೊಂದು ಜಾಲತಾಣವನ್ನು ತೆರೆದು, ಅಚ್ಚಾದ ಸುದ್ದಿಗಳಲ್ಲಿ ಹಲವನ್ನು ಅದರಲ್ಲಿಯೂ ಇಡಲಾರಂಭಿಸಿದರು. ಆ ತಾಣದ ಮೊದಲ ಪುಟವು ಮನೆಯ ಹೆಬ್ಬಾಗಿಲಿನಂತೆ. ಬಂದವರೆಲ್ಲರೂ ಅದನ್ನು ದಾಟಿಯೇ ಒಳಗಿನ ಸುದ್ದಿಗೆ ಹೋಗುವರೆಂದೂ, ಆ ಬಾಗಿಲಲ್ಲಿ ಜಾಹೀರಾತುಗಳಿಗೆ ಸ್ಥಳವನ್ನು ಮಾರಿ ಹಣವನ್ನು ಪಡೆಯಬಹುದೆಂದೂ ಅವರ ಎಣಿಕೆ. ವಿಲ್ಸರಾದರೋ ಟೈಮ್ಸಿನ ಕೆಲವು ಸುದ್ದಿಗಳ ತಲೆಬರಹಗಳನ್ನು ಅಕ್ಷರಶಃ ತಮ್ಮ ಪುಟದಲ್ಲಿ ಇಟ್ಟರು. ಓದುವವನು ಆ ತಲೆಬರಹವನ್ನು ಒತ್ತಿದೊಡನೆಯೇ ಟೈಮ್ಸಿನ ತಾಣದೊಳಗಿನ ಆ ಸುದ್ದಿಯ ಪುಟವು ನೇರವಾಗಿ ತೆರೆಯುತ್ತಿತ್ತು. ಹೆಬ್ಬಾಗಿಲು ಹಿಂದೆಯೇ ಉಳಿಯುತ್ತಿತ್ತು. ಲಿಂಕ್ ಎಂದು ಜನರ ಬಳಕೆಯಲ್ಲಿರುವ ಈ ಸಾಧನವನ್ನೇ ಕನ್ನಡದಲ್ಲಿ ಕೊಂಡಿಯೆಂದು ಕರೆಯುವರು. ಟೈಮ್ಸಿನವರು ಇದನ್ನು ಸಹಿಸದೆ ಎಡಿನ್‌ಬರೋ ನಗರದ ಉಚ್ಚ ನ್ಯಾಯಸ್ಥಾನದಲ್ಲಿ ದಾವೆ ಹೂಡಿದರು.

ಈ ದಾವೆಯ ತಿರುಳನ್ನು ಅರಿಯಬೇಕಾದರೆ ಗ್ರಂಥಸ್ವಾಮ್ಯವೆಂಬುದು ಯಾವುದರ ಮೇಲಿನ ಒಡೆತನವೆಂಬುದನ್ನು ಮೊದಲು ತಿಳಿಯಬೇಕು. ಇಂಗ್ಲೆಂಡಿನಲ್ಲಿ ರಾಣಿ ಆನ್ ಎಂಬವಳ ಕಾಲದಲ್ಲಿ, ೧೭೧೦ನೆಯ ಇಸವಿಯಲ್ಲಿ ಜಾರಿಗೆ ಬಂದ ಶಾಸನವು ಹೊಸ ಗ್ರಂಥಗಳನ್ನು ಅಚ್ಚುಹಾಕುವ ಹಕ್ಕನ್ನು ಗ್ರಂಥಕರ್ತನಿಗೆ ೧೪ ವರ್ಷಗಳವರೆಗೆ ಕೊಟ್ಟಿತು. ಆ ಅವಧಿ ಮುಗಿದಾಗ ಕರ್ತನು ಜೀವಿಸಿದ್ದರೆ ಇನ್ನೂ ೧೪ ವರ್ಷಗಳು ದೊರೆಯುತ್ತಿದ್ದುವು. ೧೮೮೬ನೆಯ ಇಸವಿಯಲ್ಲಿ ಬರ್ನ್ ನಗರದಲ್ಲಿ ಹಲವು ರಾಷ್ಟ್ರಗಳು ಒಂದು ಒಡಂಬಡಿಕೆಗೆ ಬಂದುವು. ಭರತಖಂಡದಲ್ಲಿ ೧೮೪೭ರಲ್ಲಿಯೂ ೧೯೧೪ರಲ್ಲಿಯೂ ಕಾಯಿದೆಗಳಾಗಿ, ಕೊನೆಗೆ ೧೯೫೭ರ ಕಾಯಿದೆಯು ಸ್ವತಂತ್ರ ದೇಶದ ಸ್ವಂತ ಕಾಯಿದೆಯಾಗಿ ನಿಂತಿತು. ಇವೆಲ್ಲವುಗಳಲ್ಲಿಯೂ ಕಾಣುವ ತತ್ತ್ವವು ಒಂದೇ. ಕರ್ತೃವಿಗೆ ಮೀಸಲಾದ ಕೆಲವು ಕ್ರಿಯೆಗಳುಂಟು: ಪ್ರತಿಮಾಡುವುದು, ಪ್ರಕಟಿಸುವುದು, ರಂಗದಲ್ಲಿ ಆಡುವುದು, ಸಾರ್ವಜನಿಕರಿಗೆ ತಲಪಿಸುವುದು ಮುಂತಾದುವು. ಈ ಕ್ರಿಯೆಗಳಲ್ಲಿ ಒಂದನ್ನಾದರೂ ಅಪ್ಪಣೆಯಿಲ್ಲದೆ ಮಾಡಿದವನು ಅಪರಾಧಿ. ಯಾವುದನ್ನೂ ಮಾಡದವನು ಅಪರಾಧಿಯಲ್ಲ. ಗ್ರಂಥದ ಹೆಸರನ್ನು ಹೇಳುವುದಾಗಲಿ, ಅದು ದೊರೆಯುವ ಅಂಗಡಿಯನ್ನು ತೋರಿಸುವುದಾಗಲಿ, ಇಂಥ ಪುಟವನ್ನು ನೋಡಿರೆಂದು ಅಡಿಟಿಪ್ಪಣಿ ಬರೆಯುವುದಾಗಲಿ ಈ ಪಟ್ಟಿಯಲ್ಲಿ ಎಂದೂ ಸೇರಿರಲಿಲ್ಲ.

ಕೊಂಡಿಯು ಇವೆರಡರಲ್ಲಿ ಯಾವ ವರ್ಗಕ್ಕೆ ಸೇರತಕ್ಕದ್ದು? ಸಂಸ್ಕೃತದ ವ್ಯಾಖ್ಯಾನಕಾರರು ಶ್ಲೋಕವನ್ನು ಪೂರ್ತಿಯಾಗಿ ಎತ್ತಿಬರೆಯದೆ, ಅದರ ಮೊದಲ ಒಂದೆರಡು ಪದಗಳನ್ನು ಹಿಡಿದು 'ಇತಿ' ಎಂದು ಮುಗಿಸಿ ಅರ್ಥಕ್ಕೆ ತೊಡಗುವ ಪದ್ಧತಿಯುಂಟು. ಇದಕ್ಕೆ ಪ್ರತೀಕವೆಂದು ಹೆಸರು. ಮೂಲಶ್ಲೋಕವು ಶಿಷ್ಯನ ಕಂಠದಲ್ಲಿಯೋ ಬೇರೊಂದು ಓಲೆಯ ಕಟ್ಟಿನಲ್ಲಿಯೋ ಇರುವುದು. ಪ್ರತೀಕವು ಅದರ ಕಡೆಗೆ ಕೈತೋರುವುದು. ಕೊಂಡಿಯೂ ಹಾಗೆಯೇ. ಕೊಂಡಿಯೊಳಗೆ ಲೇಖನವಿಲ್ಲ; ಲೇಖನದ ವಿಳಾಸವೊಂದಿದೆ. ಓದುವವನು ಅದನ್ನು ಒತ್ತಿದಾಗ ಆತನ ಗಣಕಯಂತ್ರವು ಆ ವಿಳಾಸದ ಸರ್ವರನ್ನು ಕೇಳುವುದು; ಲೇಖನದ ಒಡೆಯನ ಸರ್ವರೇ ಆತನಿಗೆ ಪುಟವನ್ನು ಕಳುಹಿಸಿಕೊಡುವುದು. ಕೊಂಡಿಯಿಟ್ಟವನ ಕೈಯಿಂದ ಒಂದು ಪಂಕ್ತಿಯೂ ದಾಟುವುದಿಲ್ಲ. ಒಡೆಯನು ಪುಟವನ್ನು ತೆಗೆದುಹಾಕಿದರೆ ಕೊಂಡಿಯು ಬರಿಯ ಸದ್ದಾಗಿ ಉಳಿಯುವುದು. ೧೯೮೯ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಈ ಜಾಲವನ್ನು ಕಲ್ಪಿಸಿದ ಟಿಮ್ ಬರ್ನರ್ಸ್‌ಲೀ ಎಂಬವರು ಯಾರ ಅಪ್ಪಣೆಯನ್ನೂ ಕೇಳದೆ ಯಾವ ಪುಟಕ್ಕಾದರೂ ಕೊಂಡಿಯಿಡಬಹುದಾದ ಹಾಗೆ ಅದನ್ನು ರಚಿಸಿದರು. ೧೯೯೩ನೆಯ ಏಪ್ರಿಲ್ ೩೦ರಂದು ಆ ಸಂಸ್ಥೆಯು ಅದರ ತಂತ್ರವನ್ನು ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟಿತು. ಅಪ್ಪಣೆಯು ಬೇಕೆಂದಿದ್ದರೆ ಜಾಲವು ಜಾಲವಾಗಿ ಬೆಳೆಯುತ್ತಲೇ ಇರಲಿಲ್ಲ.

ಹೀಗಿದ್ದರೂ ಟೈಮ್ಸಿನವರ ಪೂರ್ವಪಕ್ಷವನ್ನು ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿರಲಿಲ್ಲ. ತಲೆಬರಹವೂ ಒಂದು ರಚನೆಯೇ. ಅದನ್ನು ಅಕ್ಷರಶಃ ಪ್ರತಿಮಾಡಲಾಗಿದೆ ಎಂಬುದು ಅವರ ಮೊದಲನೆಯ ವಾದ. ಬ್ರಿಟನ್ನಿನ ೧೯೮೮ರ ಕಾಯಿದೆಯಲ್ಲಿ ತಂತಿಯ ಮೂಲಕ ಕಾರ್ಯಕ್ರಮಗಳನ್ನು ಮನೆಮನೆಗೆ ಕಳುಹಿಸುವ ಕೇಬಲ್ ಸೇವೆಗೆ ಸಂಬಂಧಿಸಿದ ವಿಧಿಗಳಿದ್ದುವು. ಜಾಲತಾಣವೂ ಅಂತಹ ಸೇವೆಯೇ ಎಂಬುದು ಎರಡನೆಯ ವಾದ. ಇದಕ್ಕಿಂತಲೂ ಮಿಗಿಲಾಗಿ, ಸುದ್ದಿಯನ್ನು ಶೇಖರಿಸಲು ವೆಚ್ಚಮಾಡಿದವರು ಒಬ್ಬರು, ಅದರಿಂದ ಓದುಗರನ್ನು ಗಳಿಸಿದವರು ಮತ್ತೊಬ್ಬರು ಎಂಬ ಮನಸ್ಸಿನ ನೋವು ಆ ವಾದಗಳ ಹಿಂದೆ ಇದ್ದಿತು. ಲಾರ್ಡ್ ಹ್ಯಾಮಿಲ್ಟನ್ ಎಂಬ ನ್ಯಾಯಾಧಿಪತಿಗಳು ೧೯೯೬ನೆಯ ಅಕ್ಟೋಬರ್ ೨೪ರಂದು, ಮೇಲ್ನೋಟಕ್ಕೆ ವಾದಿಗಳ ಪಕ್ಷದಲ್ಲಿ ವಿಚಾರಮಾಡತಕ್ಕ ಅಂಶವಿದೆಯೆಂದು ಹೇಳಿ, ವಿಲ್ಸರು ಆ ಕೊಂಡಿಗಳನ್ನು ಇಡಕೂಡದೆಂದು ಮಧ್ಯಂತರದ ತಡೆಯಾಜ್ಞೆಯನ್ನು ಕೊಟ್ಟರು.

ಪೂರ್ಣವಿಚಾರಣೆಯು ನಡೆದು ಸಿದ್ಧಾಂತವು ಹೊರಬೀಳುವುದೆಂದು ಎಲ್ಲರೂ ಎದುರುನೋಡುತ್ತಿರಲು, ೧೯೯೭ನೆಯ ನವೆಂಬರಿನಲ್ಲಿ ಉಭಯಪಕ್ಷದವರೂ ರಾಜಿಯಾದರು. ವಿಲ್ಸರು ತಲೆಬರಹಗಳನ್ನೂ ಕೊಂಡಿಗಳನ್ನೂ ಇಡಬಹುದು. ಆದರೆ ಪ್ರತಿಯೊಂದು ತಲೆಬರಹದ ಕೆಳಗೂ ಇದು ಷೆಟ್ಲೆಂಡ್ ಟೈಮ್ಸಿನ ಸುದ್ದಿಯೆಂದು ಅದೇ ಗಾತ್ರದ ಅಕ್ಷರಗಳಲ್ಲಿ ಬರೆಯತಕ್ಕದ್ದು. ಪಕ್ಕದಲ್ಲಿ ಆ ಪತ್ರಿಕೆಯ ಹೆಸರುಳ್ಳ ಮುದ್ರೆಯನ್ನೂ ಇಡತಕ್ಕದ್ದು. ಪ್ರಶ್ನೆಗೆ ನ್ಯಾಯಸ್ಥಾನದ ಉತ್ತರವು ದೊರೆಯಲಿಲ್ಲವಾದರೂ ಈ ರಾಜಿಯಲ್ಲಿ ಒಂದು ವಿವೇಕವು ಅಡಗಿದೆ. ವ್ಯಾಜ್ಯವು ಕೈತೋರಿದ್ದರ ವಿಷಯವಾಗಿ ಹುಟ್ಟಿದ್ದರೂ, ಯಾರದೆಂದು ಹೇಳಿ ತೋರಿಸಿದೊಡನೆಯೇ ಶಾಂತವಾಯಿತು. ಆ ಕೇಬಲ್ ಸೇವೆಯ ವಿಧಿಯನ್ನೇ ೨೦೦೩ರಲ್ಲಿ ಬ್ರಿಟನ್ನಿನವರು ತೆಗೆದುಹಾಕಿದರು.

ಅದೇ ೧೯೯೭ನೆಯ ಇಸವಿಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇನ್ನೊಂದು ಬಗೆಯ ವ್ಯಾಜ್ಯವು ತಲೆದೋರಿತು. 'ಟೋಟಲ್ ನ್ಯೂಸ್' ಎಂಬ ತಾಣದವರು ಪರರ ಸುದ್ದಿಪುಟಗಳನ್ನು ತಮ್ಮ ಪುಟದ ಚೌಕಟ್ಟಿನೊಳಗೆ ತೆರೆಯುವಂತೆ ಮಾಡಿ, ಸುತ್ತಲೂ ತಮ್ಮ ಜಾಹೀರಾತುಗಳನ್ನು ಇಟ್ಟಿದ್ದರು. 'ವಾಷಿಂಗ್ಟನ್ ಪೋಸ್ಟ್' ಮುಂತಾದ ಪತ್ರಿಕೆಗಳವರು ದಾವೆ ಹೂಡಿದರು. ಚೌಕಟ್ಟನ್ನು ತೆಗೆದು ಬರಿಯ ಕೊಂಡಿಯನ್ನು ಉಳಿಸಿಕೊಳ್ಳಬೇಕೆಂದು ಇಲ್ಲಿಯೂ ರಾಜಿಯಾಯಿತು. ದಾರಿ ತೋರುವುದು ಒಂದು. ದಾರಿಯ ಕೊನೆಯಲ್ಲಿರುವ ಮನೆಯನ್ನು ತನ್ನದೆಂಬಂತೆ ಕಾಣಿಸುವುದು ಮತ್ತೊಂದು.

ಮೊದಲನೆಯ ಪ್ರಶ್ನೆಗೆ ಸ್ಪಷ್ಟವಾದ ಉತ್ತರವು ೨೦೦೦ನೆಯ ಇಸವಿಯ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದಿತು. 'ಟಿಕೆಟ್‌ಮಾಸ್ಟರ್' ಎಂಬ ಸಂಸ್ಥೆಯು 'ಟಿಕೆಟ್ಸ್ ಡಾಟ್ ಕಾಮ್' ಎಂಬ ಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ ನ್ಯಾಯಾಧಿಪತಿಗಳು, ಕೊಂಡಿಯಿಡುವುದರಲ್ಲಿ ಪ್ರತಿಮಾಡುವ ಕ್ರಿಯೆಯೇ ಇಲ್ಲವಾದುದರಿಂದ ಅದು ತಾನಾಗಿ ಗ್ರಂಥಸ್ವಾಮ್ಯದ ಭಂಗವಲ್ಲವೆಂದರು. ಗ್ರಂಥಾಲಯದ ಸೂಚಿಪತ್ರಗಳನ್ನು ನೋಡಿ ಪುಸ್ತಕವಿರುವ ಸ್ಥಳವನ್ನು ತಿಳಿಯುವುದಕ್ಕೂ ಇದಕ್ಕೂ ವೇಗದಲ್ಲಿಯಲ್ಲದೆ ಬೇರೆ ಭೇದವಿಲ್ಲವೆಂಬುದು ಅವರ ದೃಷ್ಟಾಂತ. ೨೦೦೨ರಲ್ಲಿ ಡೆನ್ಮಾರ್ಕಿನ ಒಂದು ನ್ಯಾಯಸ್ಥಾನವು ಇದಕ್ಕೆ ವಿರುದ್ಧವಾಗಿ, ಸುದ್ದಿಪತ್ರಿಕೆಗಳ ಒಳಪುಟಗಳಿಗೆ ಕೊಂಡಿಗಳನ್ನು ಒದಗಿಸುತ್ತಿದ್ದ 'ನ್ಯೂಸ್‌ಬೂಸ್ಟರ್' ಎಂಬ ಸಂಸ್ಥೆಯನ್ನು ತಡೆಯಿತು. ಆದರೆ ಮರುವರ್ಷವೇ, ೨೦೦೩ನೆಯ ಜುಲೈ ೧೭ರಂದು, ಜರ್ಮನಿಯ ಸರ್ವೋಚ್ಚ ನ್ಯಾಯಸ್ಥಾನವು 'ಪೇಪರ್‌ಬಾಯ್' ಎಂಬ ಸೇವೆಯ ಪ್ರಕರಣದಲ್ಲಿ, ತಾನಾಗಿ ಎಲ್ಲರಿಗೂ ತೆರೆದಿಟ್ಟ ಪುಟಕ್ಕೆ ಪರರು ನೇರವಾದ ದಾರಿಯನ್ನು ತೋರಿಸಿದರೆ ಒಡೆಯನು ದೂರುವಂತಿಲ್ಲವೆಂದು ತೀರ್ಮಾನಿಸಿತು. ೨೦೧೧ರಲ್ಲಿ ಕೆನಡಾ ದೇಶದ ಸರ್ವೋಚ್ಚ ನ್ಯಾಯಸ್ಥಾನದ ಮುಂದೆ ಬಂದುದು ಮಾನಹಾನಿಯ ಮೊಕದ್ದಮೆ. ಆದರೂ ಕೊಂಡಿಯೆಂಬುದು ಬರಿಯ ಉಲ್ಲೇಖ, ಅದು ಪ್ರಕಟಣೆಯಲ್ಲವೆಂಬ ಅಭಿಪ್ರಾಯವೇ ಅಲ್ಲಿಯೂ ಮೇಲಾಯಿತು.

ಹಾಗಾದರೆ ಕೊಂಡಿಯಿಡುವವನು ಯಾವ ಹೊಣೆಗೂ ಒಳಗಾಗನೇ? ಹಾಗಲ್ಲ. ಕಳವಿನ ಮಾಲಿರುವ ಮನೆಯನ್ನು ಬಲ್ಲವನು ಅದನ್ನು ಊರಿಗೆಲ್ಲ ತೋರಿಸಿಕೊಟ್ಟರೆ ಅವನನ್ನು ನಿರ್ದೋಷಿಯೆನ್ನಲಾಗದು. ೧೯೯೯ರ ಡಿಸೆಂಬರಿನಲ್ಲಿ ಯೂಟಾ ಸಂಸ್ಥಾನದ ನ್ಯಾಯಸ್ಥಾನವು ಇಂಥ ಒಂದು ಪ್ರಕರಣವನ್ನು ಎದುರಿಸಿತು. ಒಂದು ಮತಸಂಸ್ಥೆಯ ಕೈಪಿಡಿಯ ಭಾಗಗಳನ್ನು ಅಪ್ಪಣೆಯಿಲ್ಲದೆ ತಮ್ಮ ತಾಣದಲ್ಲಿ ಇಟ್ಟಿದ್ದವರು, ಅವುಗಳನ್ನು ತೆಗೆಯಬೇಕೆಂದು ಆಜ್ಞೆಯಾದ ಮೇಲೆ, ಅದೇ ಕೈಪಿಡಿಯು ಬೇರೆಡೆಯಲ್ಲಿ ದೊರೆಯುವ ವಿಳಾಸಗಳನ್ನು ಪ್ರಕಟಿಸಿದರು. ಇದು ಪರರ ಅಪರಾಧಕ್ಕೆ ನೆರವಾಗುವ ಕೆಲಸವೆಂದು ನ್ಯಾಯಸ್ಥಾನವು ಅದನ್ನೂ ತಡೆಯಿತು. ೨೦೦೦ನೆಯ ಇಸವಿಯಲ್ಲಿ ನ್ಯೂಯಾರ್ಕಿನ ನ್ಯಾಯಸ್ಥಾನವು, ಚಲಚ್ಚಿತ್ರದ ಡಿವಿಡಿಗಳ ಬೀಗವನ್ನು ಮುರಿಯುವ ತಂತ್ರಕ್ಕೆ '೨೬೦೦' ಎಂಬ ಪತ್ರಿಕೆಯವರು ಇಟ್ಟ ಕೊಂಡಿಗಳನ್ನು ಇದೇ ರೀತಿಯಾಗಿ ತೆಗೆಸಿತು. ಮರುವರ್ಷ ಮೇಲಿನ ನ್ಯಾಯಸ್ಥಾನವೂ ಅದನ್ನು ಎತ್ತಿಹಿಡಿಯಿತು. ಇಲ್ಲಿ ದೋಷವಿದ್ದುದು ತೋರುವ ಬೆರಳಿನಲ್ಲಲ್ಲ, ತಿಳಿದೂ ತೋರುವ ಮನಸ್ಸಿನಲ್ಲಿ.

ಯೂರೋಪಿನ ಒಕ್ಕೂಟದ ನ್ಯಾಯಸ್ಥಾನವು ಈ ವಿಚಾರವನ್ನು ಇನ್ನೂ ಸೂಕ್ಷ್ಮವಾಗಿ ವಿವೇಚಿಸಿತು. ಸ್ವೀಡನ್ನಿನ 'ಯೋಟೆಬೊರಿ ಪೋಸ್ಟೆನ್' ಪತ್ರಿಕೆಯ ಲೇಖಕರಾದ ಸ್ವೆನ್‌ಸನ್ ಮೊದಲಾದವರು, ತಮ್ಮ ಲೇಖನಗಳಿಗೆ ಕೊಂಡಿಗಳನ್ನು ಒದಗಿಸುತ್ತಿದ್ದ 'ರಿಟ್ರೀವರ್' ಎಂಬ ಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ, ೨೦೧೪ನೆಯ ಫೆಬ್ರವರಿ ೧೩ರಂದು ತೀರ್ಪು ಬಂದಿತು. ಕೊಂಡಿಯಿಡುವುದೂ ಜನರಿಗೆ ತಲಪಿಸುವ ಒಂದು ಕ್ರಿಯೆಯೇ. ಆದರೆ ಒಡೆಯನು ಲೇಖನವನ್ನು ಈಗಾಗಲೇ ಸಕಲರಿಗೂ ತೆರೆದಿಟ್ಟಿರುವಾಗ ಕೊಂಡಿಯ ಮೂಲಕ ಹೊಸ ಓದುಗವರ್ಗವು ಸೇರುವುದಿಲ್ಲ. ಆದುದರಿಂದ ಅಪ್ಪಣೆಯು ಬೇಕಿಲ್ಲ. ಬೀಗ ಹಾಕಿದ ಬಾಗಿಲನ್ನು ಬಳಸಿಕೊಂಡು ಒಳಹೊಗಿಸುವ ಕೊಂಡಿಯಾದರೆ ಮಾತು ಬೇರೆ. ೨೦೧೬ನೆಯ ಸೆಪ್ಟೆಂಬರ್ ೮ರಂದು ಹಾಲೆಂಡಿನ ಒಂದು ಪ್ರಕರಣದಲ್ಲಿ ಅದೇ ನ್ಯಾಯಸ್ಥಾನವು ಇನ್ನೊಂದು ಹೆಜ್ಜೆಯನ್ನು ಮುಂದಿಟ್ಟಿತು. ಅಪ್ಪಣೆಯಿಲ್ಲದೆ ಇಟ್ಟ ಕೃತಿಗೆ ಲಾಭದ ಉದ್ದೇಶವಿಲ್ಲದವನು ಅರಿಯದೆ ಕೊಂಡಿಯಿಟ್ಟರೆ ಅದು ಭಂಗವಲ್ಲ. ಲಾಭಕ್ಕಾಗಿ ಇಡುವವನು ವಿಚಾರಿಸಿ ತಿಳಿದೇ ಇಟ್ಟನೆಂದು ಊಹಿಸತಕ್ಕದ್ದು. ಆ ಊಹೆಯನ್ನು ಅಲ್ಲಗಳೆಯುವ ಭಾರವು ಅವನದು.

ಉಪಾಧ್ಯಾಯರು ವಿಶೇಷವಾಗಿ ಗಮನಿಸತಕ್ಕ ತೀರ್ಪೊಂದು ೨೦೧೮ನೆಯ ಆಗಸ್ಟ್ ೭ರಂದು ಬಂದಿತು. ಜರ್ಮನಿಯ ಒಂದು ಶಾಲೆಯಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿಯುತ್ತಿದ್ದ ವಿದ್ಯಾರ್ಥಿಯೊಬ್ಬರು ಕೊರ್ಡೋಬಾ ನಗರದ ಛಾಯಾಚಿತ್ರವೊಂದನ್ನು ಪ್ರವಾಸದ ತಾಣದಿಂದ ಇಳಿಸಿಕೊಂಡು ತಮ್ಮ ಪ್ರಬಂಧದಲ್ಲಿ ಸೇರಿಸಿ, ಆ ತಾಣದ ಹೆಸರನ್ನು ಚಿತ್ರದ ಕೆಳಗೆ ಪ್ರಾಮಾಣಿಕವಾಗಿ ಬರೆದರು. ಶಾಲೆಯವರು ಪ್ರಬಂಧವನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಿದರು. ಚಿತ್ರಕಾರನ ಅಪ್ಪಣೆಯು ಬೇಕಾಗಿತ್ತೆಂದು ನ್ಯಾಯಸ್ಥಾನವು ಹೇಳಿತು. ಹೆಸರನ್ನು ಹೇಳಿದುದು ಸಾಲದು. ಚಿತ್ರವನ್ನು ಪ್ರತಿಮಾಡಿ ಬೇರೆಡೆಯಲ್ಲಿ ಇಟ್ಟುದೇ ಭಂಗ. ಕೊಂಡಿಯನ್ನು ಇಟ್ಟಿದ್ದರೆ ಮೂಲದ ಒಡೆಯನು ಚಿತ್ರವನ್ನು ಹಿಂತೆಗೆದುಕೊಂಡಾಗ ಕೊಂಡಿಯೂ ನಿಷ್ಫಲವಾಗುತ್ತಿತ್ತು. ಒಡೆತನವು ಅವನ ಕೈಯಲ್ಲಿಯೇ ಉಳಿಯುತ್ತಿತ್ತು. ಪ್ರತಿಯಾದರೋ ಅವನ ಕೈಮೀರಿ ಬದುಕುವುದು. ಕೊಂಡಿಗೂ ಪ್ರತಿಗೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ನಮ್ಮ ದೇಶದ ಕಾಯಿದೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. ೨೦೧೨ರ ತಿದ್ದುಪಡಿಯಿಂದ ೫೨ನೆಯ ಪ್ರಕರಣದಲ್ಲಿ ಸೇರಿದ ವಿಧಿಯೊಂದು, ವಿದ್ಯುನ್ಮಾನದ ಕೊಂಡಿಯನ್ನು ಒದಗಿಸುವ ಸಲುವಾಗಿ ಕೃತಿಯು ಕ್ಷಣಕಾಲ ಅಥವಾ ಆನುಷಂಗಿಕವಾಗಿ ಯಂತ್ರದಲ್ಲಿ ಶೇಖರವಾಗುವುದು ಭಂಗವಲ್ಲವೆನ್ನುತ್ತದೆ. ಆದರೆ ಒಡೆಯನು ಸ್ಪಷ್ಟವಾಗಿ ನಿಷೇಧಿಸಿರಬಾರದು. ಅದು ಅಪಹೃತವಾದ ಪ್ರತಿಯೆಂದು ತಿಳಿದಿರಲೂ ಬಾರದು, ಹಾಗೆ ತಿಳಿಯಲು ತಕ್ಕ ಕಾರಣವೂ ಇರಬಾರದು. ಒಡೆಯನಿಂದ ಲಿಖಿತವಾದ ದೂರು ಬಂದರೆ ೨೧ ದಿವಸಗಳವರೆಗೆ ಆ ಪ್ರವೇಶವನ್ನು ನಿಲ್ಲಿಸಬೇಕು. ಅಷ್ಟರೊಳಗೆ ನ್ಯಾಯಸ್ಥಾನದ ಆಜ್ಞೆಯು ಬಾರದಿದ್ದರೆ ಮತ್ತೆ ಒದಗಿಸಬಹುದು. ಯೂಟಾದಲ್ಲಿಯೂ ಯೂರೋಪಿನಲ್ಲಿಯೂ ಕಂಡ ಜ್ಞಾನಾಜ್ಞಾನಗಳ ವಿವೇಚನೆಯೇ ಇಲ್ಲಿಯೂ ಇದೆ.

ಈಚಿನ ವರ್ಷಗಳಲ್ಲಿ ವ್ಯಾಜ್ಯವು ಹಕ್ಕಿನಿಂದ ಹಣದ ಕಡೆಗೆ ತಿರುಗಿತು. ಸುದ್ದಿಗಳ ತಲೆಬರಹ ಮತ್ತು ತುಣುಕುಗಳನ್ನು ತೋರಿಸುವವರು ಪತ್ರಿಕೆಗಳಿಗೆ ಹಣ ಕೊಡಬೇಕೆಂದು ಸ್ಪೇನ್ ದೇಶವು ಕಾಯಿದೆಮಾಡಲು, ಗೂಗಲ್ ಸಂಸ್ಥೆಯು ೨೦೧೪ನೆಯ ಡಿಸೆಂಬರಿನಲ್ಲಿ ಅಲ್ಲಿಯ ತನ್ನ ಸುದ್ದಿಸೇವೆಯನ್ನು ಮುಚ್ಚಿತು. ೨೦೨೨ರಲ್ಲಿ ಮತ್ತೆ ತೆರೆಯಿತು. ೨೦೧೯ರಲ್ಲಿ ಯೂರೋಪಿನ ಒಕ್ಕೂಟವು ಪತ್ರಿಕೆಗಳಿಗೆ ಹೊಸ ಹಕ್ಕೊಂದನ್ನು ಕೊಟ್ಟಾಗ, ಕೊಂಡಿಯಿಡುವುದಕ್ಕೆ ಅದು ಅನ್ವಯಿಸದೆಂದು ಸ್ಪಷ್ಟವಾಗಿ ಬರೆಯಿತು. ಕೆನಡಾ ದೇಶವು ೨೦೨೩ರಲ್ಲಿ ಇಂಥದೇ ಕಾಯಿದೆಯನ್ನು ಮಾಡಲು, ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಸಂಸ್ಥೆಯವರು ಆ ದೇಶದಲ್ಲಿ ಸುದ್ದಿಯ ಕೊಂಡಿಗಳನ್ನೇ ನಿಲ್ಲಿಸಿಬಿಟ್ಟರು. ಕೊಂಡಿಯಿಟ್ಟರೆಂದು ಷೆಟ್ಲೆಂಡಿನವರು ದೂರಿದರು; ಕೊಂಡಿಯು ಇಲ್ಲವಾದಾಗ ಕೆನಡಾದ ಪತ್ರಿಕೆಗಳವರು ಮರುಗಿದರು. ದಾರಿ ತೋರುವವನಿಂದ ಮನೆಯವನಿಗೂ ಲಾಭವುಂಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇಷ್ಟರಿಂದ ಕೊಂಡಿಯು ಬಹುಮಟ್ಟಿಗೆ ನಿರ್ದೋಷವೆಂದು ಸಿದ್ಧವಾಯಿತು. ಆದರೆ ಯಾವ ಗುಣವು ಅದನ್ನು ನಿರ್ದೋಷವನ್ನಾಗಿ ಮಾಡಿತೋ ಅದೇ ಗುಣದಲ್ಲಿ ಅದರ ದೌರ್ಬಲ್ಯವೂ ಇದೆ. ಕೊಂಡಿಯು ಏನನ್ನೂ ಇಟ್ಟುಕೊಳ್ಳುವುದಿಲ್ಲ. ಆದುದರಿಂದ ಏನನ್ನೂ ಉಳಿಸುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದ ಪೀಠಿಕೆಯಲ್ಲಿ ತನಗೆ ಲಕ್ಷ್ಯವಾದ ಪೂರ್ವಕವಿಗಳನ್ನು ಹೆಸರಿಸಿದ್ದಾನೆ. ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟ ಎಂಬ ಹೆಸರುಗಳು ಅಲ್ಲಿ ಬೆಳಗುತ್ತಿವೆ, ಅವರ ಗ್ರಂಥಗಳೆಲ್ಲಿ? ಬೆರಳು ಉಳಿದಿದೆ, ಬೆರಳು ತೋರಿದ ವಸ್ತುವು ಹೋಗಿದೆ. ಕೇಶಿರಾಜನ ತಂದೆಯಾದ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ದಲ್ಲಿ ಹಿಂದಿನವರ ಪದ್ಯಗಳನ್ನೇ ಎತ್ತಿಬರೆದು ಸಂಕಲಿಸಿದನು. ಮೊದಲನೆಯ ಗುಣವರ್ಮನ 'ಶೂದ್ರಕ'ವೂ 'ಹರಿವಂಶ'ವೂ ಪೂರ್ತಿಯಾಗಿ ದೊರೆಯದಿದ್ದರೂ ಅವನ ಕೆಲವು ಪದ್ಯಗಳು ಇಂದಿಗೂ ಓದಲು ಸಿಕ್ಕುವುದು ಹೀಗೆ ಎತ್ತಿಬರೆದವರಿಂದಲೇ. ಮಗನು ದಾರಿ ತೋರಿದನು, ತಂದೆಯು ಬುತ್ತಿ ಕಟ್ಟಿದನು.

ಈ ಭಯವು ಹಳೆಯ ಕಾಲದ್ದು ಮಾತ್ರವಲ್ಲ. ೨೦೧೩ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ವಿದ್ವಾಂಸರು ಶೋಧಿಸಿ ನೋಡಿದಾಗ, ಅಮೆರಿಕಾದ ಸರ್ವೋಚ್ಚ ನ್ಯಾಯಸ್ಥಾನದ ತೀರ್ಪುಗಳಲ್ಲಿ ಉಲ್ಲೇಖಿಸಿದ ಕೊಂಡಿಗಳ ಪೈಕಿ ಸುಮಾರು ಅರ್ಧದಷ್ಟು ಮೂಲದ ವಿಷಯವನ್ನು ತೋರಿಸುತ್ತಿರಲಿಲ್ಲ. ನ್ಯಾಯವನ್ನು ಹೇಳುವವರ ಪ್ರಮಾಣಗಳೇ ಕುಸಿದಿದ್ದುವು. ಇದನ್ನು ಕಂಡು ಅಲ್ಲಿಯ ಗ್ರಂಥಾಲಯದವರು, ಉಲ್ಲೇಖಿಸಿದ ಪುಟಗಳ ಪ್ರತಿಗಳನ್ನು ಕಾಪಾಡುವ 'ಪರ್ಮಾ' ಎಂಬ ವ್ಯವಸ್ಥೆಯನ್ನು ಏರ್ಪಡಿಸಿದರು. ಷೆಟ್ಲೆಂಡಿನ ದಾವೆಯ ವರ್ಷವಾದ ೧೯೯೬ರಲ್ಲಿಯೇ ಹುಟ್ಟಿದ 'ಇಂಟರ್ನೆಟ್ ಆರ್ಕೈವ್' ಸಂಸ್ಥೆಯು ಜಾಲದ ಪುಟಗಳ ಪ್ರತಿಗಳನ್ನು ಕೂಡಿಡುತ್ತ ಬಂದಿದೆ. ಆದರೆ ಕಾಪಾಡುವುದೆಂದರೆ ಪ್ರತಿಮಾಡುವುದು. ಪ್ರತಿಮಾಡುವುದೆಂದರೆ ಗ್ರಂಥಸ್ವಾಮ್ಯದ ಎಲ್ಲೆಯೊಳಗೆ ಕಾಲಿಡುವುದು. ಕೊಂಡಿಯನ್ನು ಕುರಿತ ವಾದವು ಮುಗಿದ ಸ್ಥಳದಲ್ಲಿಯೇ ನಿಜವಾದ ಕಷ್ಟವು ಆರಂಭವಾಗುವುದು.

ಆದುದರಿಂದ ಕನ್ನಡದ ಗ್ರಂಥಗಳ ವಿಷಯದಲ್ಲಿ ಸಾಹಿತ್ಯಸಂಘಗಳೂ ವಾಚನಾಲಯಗಳೂ ನೆನೆಯತಕ್ಕದ್ದು ಇಷ್ಟು. ಜೀವಂತರಾದ ಲೇಖಕರ ಬರಹವು ಜಾಲದಲ್ಲಿ ತೆರೆದಿದ್ದರೆ ಕರ್ತೃವಿನ ಹೆಸರನ್ನು ಹೇಳಿ ಕೊಂಡಿಯಿಡಬಹುದು; ಅಪ್ಪಣೆಯಿಲ್ಲದೆ ಎತ್ತಿಡಬಾರದು. ಅಪಹರಿಸಿ ಇಟ್ಟುದೆಂದು ತಿಳಿದ ಪ್ರತಿಗೆ ದಾರಿ ತೋರಬಾರದು. ಕರ್ತೃವಿನ ಜೀವಿತಾವಧಿಯಲ್ಲಿ ಪ್ರಕಟವಾದ ಗ್ರಂಥಕ್ಕೆ, ಅವರು ಗತಿಸಿದ ಮರುವರ್ಷದಿಂದ ಎಣಿಸಿ ೬೦ ವರ್ಷಗಳು ಕಳೆದ ಮೇಲೆ, ನಮ್ಮ ದೇಶದಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಅಂಥ ಗ್ರಂಥವು ಎಲ್ಲಿಯೋ ಒಂದು ತಾಣದಲ್ಲಿದೆಯೆಂದು ಕೊಂಡಿಯಿಟ್ಟು ಸುಮ್ಮನಿರದೆ, ಪ್ರತಿಯೊಂದನ್ನು ತೆಗೆದು ತಮ್ಮಲ್ಲಿಯೂ ಇಟ್ಟುಕೊಳ್ಳತಕ್ಕದ್ದು. ಗಜಗನ ಗ್ರಂಥದ ಒಂದು ಕಟ್ಟನ್ನು ಯಾವುದಾದರೊಂದು ಊರಿನವರು ಹೀಗೆ ಇಟ್ಟುಕೊಂಡಿದ್ದರೆ ಅವನು ಇಂದು ಬರಿಯ ಹೆಸರಾಗಿ ಉಳಿಯುತ್ತಿರಲಿಲ್ಲ.